ಹನ್ನೊಂದನೇ ನಿಯಮದ ನೀಲಿ ನೀರು

ಕೊಯೋಟಿ ವೆಲ್ಸ್ ಟ್ರೇಲರ್ ಪಾರ್ಕಿನ ಬಾಗಿಲಲ್ಲಿ ಒಂದು ಬೋರ್ಡಿದೆ. ಅದರ ಮೇಲೆ ಇಪ್ಪತ್ಮೂರು ನಿಯಮಗಳಿವೆ. ಅವುಗಳಲ್ಲಿ ಹತ್ತೊಂಬತ್ತನ್ನು ಬರೆದವನು ಆರ್ವಿಲ್ ಟೆಸ್ಕಿ. ಉಳಿದ ನಾಲ್ಕರ ಕಾಗುಣಿತ ತಿದ್ದಿದವನೂ ಅವನೇ.

ಮಿನ್ನೆಸೋಟದಲ್ಲಿ ಮೂವತ್ತೊಂದು ವರ್ಷ ಲಿಫ್ಟುಗಳ ತಪಾಸಣಾಧಿಕಾರಿಯಾಗಿದ್ದು ನಿವೃತ್ತನಾದ ಮನುಷ್ಯ ಆತ. ನಿವೃತ್ತಿ ಬಂದದ್ದು ಲಿಫ್ಟುಗಳಿಗೆ ಮಾತ್ರ, ತಪಾಸಣೆಗಲ್ಲ. ಅಲ್ಲಿ ಹಿಮ ಬೀಳತೊಡಗಿದ ಕೂಡಲೇ ಆರ್ವಿಲ್ ಮತ್ತು ಅವನ ಹೆಂಡತಿ ಮಾರ್ಲಿಸ್ ತಮ್ಮ ಟ್ರೇಲರನ್ನು ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಅರಿಝೋನದ ಮರಳುಗಾಡಿಗೆ ಇಳಿಯುತ್ತಿದ್ದರು. ಒಂಬತ್ತು ಚಳಿಗಾಲಗಳಿಂದ ಅವರದು ಹದಿನಾಲ್ಕನೇ ನಂಬರಿನ ಜಾಗ. ಪಾರ್ಕಿನ ಮೂವತ್ತೆರಡು ಟ್ರೇಲರುಗಳಲ್ಲಿ ಇರುವವರೆಲ್ಲ ಇಂಥದ್ದೇ ಮುದುಕ ಮುದುಕಿಯರು. ಮೊಣಕಾಲು ಸವೆದವರು, ಬಾಯಿ ಸವೆಯದವರು. ಆರ್ವಿಲ್ ಬಂದ ಎರಡನೇ ವರ್ಷಕ್ಕೇ ಶುಚಿತ್ವ ಸಮಿತಿ ಎಂದೊಂದು ಹುಟ್ಟಿತು. ಅದಕ್ಕೆ ಅವನೇ ಅಧ್ಯಕ್ಷನಾದ, ಏಕೆಂದರೆ ಬೇರೆ ಯಾರೂ ಆ ಸಭೆಗೆ ಹೋಗಿರಲಿಲ್ಲ.

ಇಂಥ ಟ್ರೇಲರುಗಳ ಹೊಟ್ಟೆಯಡಿ ಕಕ್ಕಸಿನದೊಂದು ಟ್ಯಾಂಕ್ ಇರುತ್ತದೆ. ವಾರಕ್ಕೊಮ್ಮೆ ಅದರ ವಾಲ್ವಿನ ಹಿಡಿ ಎಳೆದರೆ ಒಳಗಿದ್ದದ್ದೆಲ್ಲ ಕೊಳವೆ ಹಿಡಿದು ನೆಲದ ಗುಂಡಿಗೆ ಇಳಿಯುತ್ತದೆ. ಹಿಡಿ ತಳ್ಳಿ ಮುಚ್ಚಿ ಕೈ ತೊಳೆದುಕೊಂಡರೆ ಮತ್ತೊಂದು ವಾರ ನೆಮ್ಮದಿ. ಈ ಸಂಗತಿಯನ್ನು ಸಭ್ಯರು ಮಾತಾಡುವುದಿಲ್ಲ ಎಂದು ನೀವು ಅಂದುಕೊಂಡಿದ್ದರೆ ನೀವು ಟ್ರೇಲರ್ ಪಾರ್ಕಿನಲ್ಲಿ ಇದ್ದವರಲ್ಲ. ಅಲ್ಲಿ ಬೆಳಗಿನ ಕಾಫಿ ಹಿಡಿದು ಕೂತವರು ಬೇರೇನನ್ನೂ ಮಾತಾಡುವುದಿಲ್ಲ.

ಆರ್ವಿಲ್‌ನ ಹೆಮ್ಮೆಯ ಕೂಸು ಹನ್ನೊಂದನೇ ನಿಯಮ. 'ಯಾರ ಕಕ್ಕಸಿನ ಟ್ಯಾಂಕಿನಿಂದ ಒಂದೇ ಒಂದು ಹನಿ ನೆಲಕ್ಕೆ ಬಿದ್ದರೂ ಅವರು ಇಪ್ಪತ್ನಾಲ್ಕು ಗಂಟೆಯೊಳಗೆ ಜಾಗ ಖಾಲಿ ಮಾಡತಕ್ಕದ್ದು. ವಿನಾಯಿತಿ ಇಲ್ಲ.' ಕೊನೆಯ ಎರಡು ಪದಗಳ ಕೆಳಗೆ ಕೆಂಪು ಬಣ್ಣದಲ್ಲಿ ಎರಡು ಗೆರೆ.

ಆ ನಿಯಮ ಇದುವರೆಗೆ ಒಬ್ಬನನ್ನೇ ಬಲಿ ತೆಗೆದುಕೊಂಡಿತ್ತು. ಹೋದ ಚಳಿಗಾಲದಲ್ಲಿ, ಪಕ್ಕದ ಹದಿನೈದನೇ ಜಾಗದ ವೆಂಡೆಲ್ ಪ್ರೂಯಿಟ್‌ನನ್ನು. ಹೆಂಡತಿ ಓಪಲ್ ತೀರಿಕೊಂಡ ಮೇಲೆ ವೆಂಡೆಲ್ ಒಬ್ಬನೇ ಇದ್ದ. ಆಕೆ ಗಡಿಯ ಹತ್ತಿರ ನೆಟ್ಟಿದ್ದ ಚಕ್ಕೋತದ ಗಿಡ ಬಿಟ್ಟರೆ ಅವನಿಗೆ ಅಲ್ಲಿ ಮತ್ತೇನೂ ಇರಲಿಲ್ಲ. ಒಂದು ಬೆಳಿಗ್ಗೆ ಆ ಗಿಡದ ಬುಡದಲ್ಲಿ ನೀಲಿ ಒದ್ದೆ ಕಾಣಿಸಿತು. ವಾಸನೆ ಸಾಯಲಿ ಎಂದು ಎಲ್ಲರೂ ಟ್ಯಾಂಕಿಗೆ ಒಂದು ಔಷಧಿ ಸುರಿಯುತ್ತಾರೆ, ಅದರ ಬಣ್ಣ ನೀಲಿ. ಆರ್ವಿಲ್ ಮಾತ್ರ ಬಣ್ಣವಿಲ್ಲದ್ದನ್ನು ತರುತ್ತಿದ್ದ. ಬಣ್ಣ ಹಾಕುವುದು ಕೊಳೆಯನ್ನು ಸಿಂಗರಿಸಿದ ಹಾಗೆ ಎನ್ನುವುದು ಅವನ ವಾದ. ಹಾಗಾಗಿ ತೀರ್ಪು ಸಲೀಸಾಯಿತು. ಒದ್ದೆ ನೀಲಿ, ನನ್ನದು ನೀಲಿಯಲ್ಲ, ಆದ್ದರಿಂದ ವೆಂಡೆಲ್‌ನದು.

"ಹತ್ತು ದಿನದಿಂದ ಮಗಳ ಮನೇಲಿದ್ದೆ ಕಣಯ್ಯ, ಟ್ಯಾಂಕ್ ಒಣಗಿ ಕೂತಿದೆ. ಬಂದು ನೋಡು," ಎಂದಿದ್ದ ವೆಂಡೆಲ್.

ಆರ್ವಿಲ್ ನೋಡಲಿಲ್ಲ. ಬರೆದುಕೊಂಡ. ಸಭೆಯ ಪುಸ್ತಕದಲ್ಲಿ ಆ ಸಾಲು ಇಂದಿಗೂ ಇದೆ: 'ಶ್ರೀ ಪ್ರೂಯಿಟ್ ಅವರು ಆಕ್ಷೇಪಿಸಿದರು.' ಮರುದಿನ ವೆಂಡೆಲ್ ಟ್ರೇಲರ್ ಎಳೆದುಕೊಂಡು ಹೆದ್ದಾರಿಯಾಚೆಗಿನ ಬಯಲಿಗೆ ಹೋದ. ಅಲ್ಲಿ ನಲ್ಲಿಯೂ ಇಲ್ಲ, ನಿಯಮವೂ ಇಲ್ಲ. ಬಯಲಿನ ಮಂದಿಯ ಕೊಳಾಯಿ ರಿಪೇರಿ ಮಾಡಿಕೊಡುತ್ತ ಅವನು ಅಲ್ಲೇ ಉಳಿದುಬಿಟ್ಟ.

ಹದಿನೈದನೇ ಜಾಗವನ್ನು ಆರ್ವಿಲ್ ಬೇರೆಯವರಿಗೆ ಕೊಡಿಸಲಿಲ್ಲ. ಒಂದು ಬೆಂಚು ಹಾಕಿಸಿ, 'ಶುಚಿತ್ವ ವನ' ಎಂದು ಹಲಗೆ ನೆಡಿಸಿ, ನೆಲಕ್ಕೆಲ್ಲ ಮರದ ಚಕ್ಕೆ ಹರಡಿಸಿದ. ಅಲ್ಲಿ ನೆಟ್ಟ ಉಳಿದ ಗಿಡಗಳೆಲ್ಲ ಕಡ್ಡಿಯಾದವು. ಓಪಲ್‌ಳ ಚಕ್ಕೋತ ಮಾತ್ರ ಯಾರೂ ನೀರು ಹಾಕದಿದ್ದರೂ ತಳತಳ ಹೊಳೆಯುತ್ತ ಬೆಳೆಯಿತು, ಕೊಂಬೆ ಬಾಗುವಷ್ಟು ಹಣ್ಣು ಬಿಟ್ಟಿತು. ಇದೆಲ್ಲ ಮರದ ಚಕ್ಕೆಯ ಮಹಿಮೆ ಎಂದು ಆರ್ವಿಲ್ ಬೀಗಿದ. ಹಣ್ಣಿನಿಂದ ಮಾರ್ಲಿಸ್ ಜಾಮ್ ಮಾಡಿ ಮೂವತ್ತೆರಡು ಟ್ರೇಲರಿಗೂ ಹಂಚಿದಳು. ಶನಿವಾರದ ಉಪಾಹಾರಕ್ಕೆ ಇಡೀ ಪಾರ್ಕು ಅದನ್ನು ಬಾಯಿ ಚಪ್ಪರಿಸಿಕೊಂಡು ತಿಂದಿತು.

ಇಷ್ಟೆಲ್ಲ ಚೆನ್ನಾಗಿದ್ದಾಗ, ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಆರ್ವಿಲ್ ವಾಲ್ವಿನ ಹಿಡಿ ಎಳೆದ. ಹಿಡಿ ಬಂತು. ಬರೀ ಹಿಡಿ ಬಂತು, ವಾಲ್ವು ತೆರೆಯಲಿಲ್ಲ. ಮುರಿದ ಸರಳಿನ ತುಂಡನ್ನು ಕೈಯಲ್ಲಿ ಹಿಡಿದು ಅವನು ಇಂಗು ತಿಂದ ಮಂಗನ ಹಾಗೆ ನಿಂತ.

ಟ್ಯಾಂಕ್ ಭರ್ತಿಯಾಗಿತ್ತು. ಶುಕ್ರವಾರ ಹತ್ತು ಗಂಟೆಗೆ ತಿಂಗಳ ತಪಾಸಣೆ, ತಪಾಸಿಸುವವನು ಅವನೇ. ಅಷ್ಟರಲ್ಲಿ ಅದು ತುಳುಕಿ ಒಂದು ಹನಿ ಹೊರಬಿದ್ದರೂ ಹದಿನಾಲ್ಕನೇ ಜಾಗ ಹೋಯಿತು. ಕಾಯುವವರ ಪಟ್ಟಿಯಲ್ಲಿ ನಲವತ್ತು ಹೆಸರಿದ್ದವು, ಒಮ್ಮೆ ಹೊರಬಿದ್ದವರು ಈ ಜನ್ಮದಲ್ಲಿ ಮತ್ತೆ ಒಳಗೆ ಬರುವಂತಿರಲಿಲ್ಲ. ಮಾರ್ಲಿಸ್‌ಳ ಇಸ್ಪೀಟಿನ ಗೆಳತಿಯರು, ಒಂಬತ್ತು ವರ್ಷದ ನೆರೆಹೊರೆ, ಎಲ್ಲಕ್ಕಿಂತ ಹೆಚ್ಚಾಗಿ ಅಧ್ಯಕ್ಷನ ಬಿಲ್ಲೆ, ಎಲ್ಲವೂ ಆ ಗೇಣುದ್ದದ ಸರಳಿಗೆ ನೇತುಬಿದ್ದಿತ್ತು. ಆರ್ವಿಲ್ ಊರಿನ ರಿಪೇರಿ ಅಂಗಡಿಗೆ ಫೋನ್ ಮಾಡಿದ. ಮೂರು ವಾರ ಆಗುತ್ತದೆ ಎಂದರು.

"ವೆಂಡೆಲ್‌ನ ಕರೆದಿದೀನಿ," ಎಂದಳು ಮಾರ್ಲಿಸ್ ಒಳಗಿನಿಂದ.

"ಯಾರನ್ನ?"

"ಕಿವಿ ಕೇಳ್ಸಲ್ವಾ? ವೆಂಡೆಲ್‌ನ. ಹಿಂದಿನ ಗೇಟಿಂದ ಬರ್ತಾನೆ."

"ಅವ್ನ ಮುಂದೆ ನಾನು ಹೇಗೆ ಮುಖ ಎತ್ಲಿ?"

"ಎತ್ಬೇಡ. ಟ್ರೇಲರ್ ಕೆಳಗೆ ಮಲಗೋನಿಗೆ ಮುಖ ಎತ್ತೋ ಕೆಲ್ಸ ಏನಿರುತ್ತೆ?"

ವೆಂಡೆಲ್ ತುಕ್ಕು ಹಿಡಿದ ಪಿಕಪ್ಪಿನಲ್ಲಿ ಬಂದ. ಕುಶಲ ಕೇಳಲಿಲ್ಲ, ಹಳೆಯದನ್ನು ಕೆದಕಲೂ ಇಲ್ಲ. ಕೈಯಲ್ಲಿ ಪಾನಾ, ಇಕ್ಕಳ, ಒಂದು ಚೂರಿ. ಮೊದಲು ಹೋಗಿ ಚಕ್ಕೋತದ ಗಿಡದ ಕಾಂಡ ಮುಟ್ಟಿ ನೋಡಿದ. ಕಾಲಿನಿಂದ ಬುಡದ ಮರದ ಚಕ್ಕೆ ಸರಿಸಿ ನೋಡಿ ಹ್ಞೂಂ ಎಂದ. ಆಮೇಲೆ ನೆಲದ ಮೇಲೆ ರಟ್ಟು ಹಾಸಿ ಟ್ರೇಲರಿನಡಿ ತೂರಿಕೊಂಡ. ಪೈಪುಗಳಿಗೆ ಚಳಿ ತಾಗದಿರಲಿ ಎಂದು ಟ್ರೇಲರಿನ ತಳಕ್ಕೆಲ್ಲ ಕಪ್ಪು ಪ್ಲಾಸ್ಟಿಕ್ಕಿನ ಹಾಳೆ ಬಿಗಿದಿರುತ್ತಾರೆ. ಆರ್ವಿಲ್‌ನ ಟ್ರೇಲರಿನ ಹಾಳೆ ಒಂದು ಕಡೆ ಎಮ್ಮೆಯ ಕೆಚ್ಚಲಿನ ಹಾಗೆ ಜೋತುಬಿದ್ದಿತ್ತು.

"ಇದು ಯಾವಾಗಿಂದ ಹೀಗಿದೆ?" ಕೆಳಗಿನಿಂದ ವೆಂಡೆಲ್‌ನ ದನಿ.

"ಕಂಪನಿಯವರು ಮಾಡಿದ್ದೇ ಹಾಗೆ. ಗಾಳಿ ಆಡ್ಲಿ ಅಂತ."

"ಗಾಳೀನಾ? ಸರಿ. ಮಾರ್ಲಿಸಮ್ಮ, ನೀವು ಸ್ವಲ್ಪ ದೂರ ನಿಂತ್ಕೊಳ್ಳಿ. ಆರ್ವಿಲ್, ನೀನು ಬಾ. ಇಲ್ಲಿ, ಈ ತಗ್ಗಿನ ಕೆಳಗೆ ಕೈಕೊಟ್ಟು ಹಿಡ್ಕೋ. ನಾನು ಕೊಯ್ತೀನಿ."

"ಹಾಳೆ ಕೊಯ್ಯೋ ಮುಂಚೆ ಒಂದು ಫೋಟೋ ತೆಗೆದು..."

ವೆಂಡೆಲ್ ಕೊಯ್ದ.

ಹಾಳೆಯೊಳಗೆ ತಿಂಗಳುಗಟ್ಟಲೆ ಕೂಡಿದ್ದದ್ದು ಒಂದೇ ಏಟಿಗೆ ಅಧ್ಯಕ್ಷರ ಎದೆ, ತೋಳು, ಗದ್ದದ ಮೇಲೆ ಇಳಿಯಿತು. ಆರ್ವಿಲ್ ತೆವಳಿಕೊಂಡು ಹೊರಬಂದು ಬಿಸಿಲಲ್ಲಿ ನಿಂತ. ವಾಸನೆಯ ಮಾತು ಬಿಡಿ. ಅವನು ನೋಡುತ್ತಿದ್ದದ್ದು ಬಣ್ಣವನ್ನು. ಬಿಳಿ ಅಂಗಿ, ಅದರ ಮೇಲಿನ ಅಧ್ಯಕ್ಷನ ಬಿಲ್ಲೆ, ಬಿಳಿ ಗಡ್ಡ, ಎಲ್ಲ ನೀಲಿ. ಸ್ವಚ್ಛವಾದ, ಅನುಮಾನಕ್ಕೆ ಆಸ್ಪದವಿಲ್ಲದ ನೀಲಿ.

"ನಂದು... ನಂದು ಬಣ್ಣ ಇಲ್ದೇ ಇರೋದು," ಎಂದ ಆರ್ವಿಲ್. ಅದನ್ನು ಯಾರಿಗೆ ಹೇಳುತ್ತಿದ್ದಾನೆಂದು ಅವನಿಗೇ ತಿಳಿಯಲಿಲ್ಲ.

ಮಾರ್ಲಿಸ್ ಮೂಗಿಗೆ ಸೆರಗಿನ ಹಾಗೆ ಟವೆಲ್ ಒತ್ತಿಕೊಂಡಿದ್ದಳು. "ನಿನ್ನ ಬಣ್ಣ ಇಲ್ದೇ ಇರೋದು ಗಬ್ಬು ನಾರ್ತಿತ್ತು. ಎರಡು ವರ್ಷದಿಂದ ಅದೇ ಬಾಟ್ಲಿಗೆ ನಾನು ನೀಲಿ ತುಂಬಿಸ್ತಿದೀನಿ. ನೀನು ಬಾಟ್ಲಿ ಮೇಲಿನ ಚೀಟಿ ಓದ್ತೀಯ, ಒಳಗೆ ಏನಿದೆ ಅಂತ ಯಾವತ್ತು ನೋಡಿದ್ದೆ?"

"ಹೋದ ವರ್ಷ ನಾನು ತೀರ್ಪು ಕೊಟ್ಟಾಗ ಬಾಯಿ ಬಿಡ್ಬೇಕಾಗಿತ್ತು ನೀನು!"

"ತೀರ್ಪು ಬಣ್ಣ ನೋಡ್ಕೊಂಡು ಅಂತ ನಂಗೇನು ಗೊತ್ತು? ನಿಮ್ಮ ಸಮಿತಿ ಸಭೆಗೆ ಅಧ್ಯಕ್ಷರ ಹೆಂಡ್ತಿ ಬರಬಾರ್ದು ಅಂತ ನೀನೇ ಅಲ್ವಾ ಆರನೇ ನಿಯಮ ಬರ್ದಿದ್ದು?"

ವೆಂಡೆಲ್ ಹೊರಗೆ ಬಂದು, ಕೈ ಒರೆಸಿಕೊಂಡು, ಮಗುವಿಗೆ ತೋರಿಸುವ ಹಾಗೆ ಬೆರಳಿಟ್ಟು ತೋರಿಸಿದ. ಟ್ಯಾಂಕಿಗೆ ಪೈಪು ಕೂಡುವ ಕಡೆ ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಸೋರಿದ್ದು ಹಾಳೆಯ ಮೇಲೆ ಬಿದ್ದು, ಇಳಿಜಾರಿನಲ್ಲಿ ಹರಿದು, ದೂರದ ಮೂಲೆಯಲ್ಲಿ ತೊಟ್ಟಿಕ್ಕುತ್ತಿತ್ತು. ಆ ಮೂಲೆ ಗಡಿ ದಾಟಿ ಚಾಚಿತ್ತು, ಅದರ ಕೆಳಗೆ ಸರಿಯಾಗಿ ಓಪಲ್‌ಳ ಗಿಡದ ಬುಡ. ಒಂದು ಹನಿಯೂ ಹದಿನಾಲ್ಕನೇ ಜಾಗದ ನೆಲ ಮುಟ್ಟಿರಲಿಲ್ಲ. ಬಿದ್ದದ್ದೆಲ್ಲ ಹದಿನೈದರಲ್ಲಿ.

ಆರ್ವಿಲ್ ವೆಂಡೆಲ್‌ನತ್ತ ತಿರುಗಿದ. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಹೇಳ್ಬೇಕಿತ್ತು!"

"ಹೇಳ್ದೆನಲ್ಲ. ನೀನು ಬರ್ಕೊಂಡೆ."

ಆಮೇಲೆ ಕೆಲಸ ಸದ್ದಿಲ್ಲದೆ ನಡೆಯಿತು. ವೆಂಡೆಲ್ ಇಕ್ಕಳದಿಂದ ಮುರಿದ ಸರಳನ್ನು ಹಿಡಿದೆಳೆದು ವಾಲ್ವು ತೆರೆದ, ಟ್ಯಾಂಕು ಗುಂಡಿಗೆ ಇಳಿಯಿತು. ನೀರು ಬಿಟ್ಟು ಮೂರು ಸಲ ತೊಳೆದ. ನಾಲ್ಕು ಬೋಲ್ಟು ಬಿಚ್ಚಿ ಹಳೆಯ ವಾಲ್ವನ್ನು ಹೊರಗೆಳೆದ. ರಬ್ಬರು ಕಚ್ಚಿ ಹರಿದು ಹಪ್ಪಳವಾಗಿತ್ತು. ಹೊಸ ವಾಲ್ವು, ಹೊಸ ರಬ್ಬರು, ಬಿರುಕಿಗೆ ಉಪ್ಪುಕಾಗದ ಉಜ್ಜಿ ಅಂಟು. ಅಂಟು ಒಣಗುವವರೆಗೆ ಮಾರ್ಲಿಸ್ ಕೊಟ್ಟ ಕಾಫಿ ಕುಡಿಯುತ್ತ ಶುಚಿತ್ವ ವನದ ಬೆಂಚಿನ ಮೇಲೆ, ಗಿಡದ ನೆರಳಲ್ಲಿ ಕೂತ. ಕೊನೆಗೆ ಟ್ಯಾಂಕಿಗೆ ನೀರು ತುಂಬಿಸಿ, ಸಂದಿಗೆ ಒಣ ಕಾಗದ ಒತ್ತಿ ಹಿಡಿದು ತೆಗೆದ. ಕಾಗದ ಒಣಗಿಯೇ ಇತ್ತು.

"ಇನ್ನು ಸೋರಲ್ಲ. ಶುಕ್ರವಾರ ನೀನು ಪಾಸು," ಎಂದ.

"ನಿಂಗೇನು ಕೊಡ್ಲಿ ವೆಂಡೆಲ್?"

"ಏನೂ ಬೇಡ. ಓಪಲ್ ಗಿಡದ್ದು ನಾಲ್ಕು ಹಣ್ಣು ಕಿತ್ಕೊಂಡು ಹೋಗ್ತೀನಿ."

ಮುಂದೆ ಆದದ್ದನ್ನು ಬರೆಯಲು ನನಗೇ ನಾಚಿಕೆಯಾಗುತ್ತದೆ. ಆರ್ವಿಲ್ ಬಾಯಿ ತೆರೆದ, ಮೂವತ್ತೊಂದು ವರ್ಷದ ಅಭ್ಯಾಸ ಒಳಗಿನಿಂದ ಮಾತಾಡಿತು. "ಅದು ಈಗ ಸಮಿತಿಯ ಸ್ವತ್ತಾಗುತ್ತೆ. ಹದಿನೇಳನೇ ನಿಯಮದ ಪ್ರಕಾರ ಹೊರಗಿನವರು ಹಣ್ಣು ಕೀಳೋಕೆ ಲಿಖಿತ ಅರ್ಜಿ..."

ವೆಂಡೆಲ್ ಅವನನ್ನು ನೋಡಿದ. ಗಡ್ಡಕ್ಕೆ ಇನ್ನೂ ನೀಲಿ ಮೆತ್ತಿಕೊಂಡಿದ್ದ ಆ ಅಧ್ಯಕ್ಷನನ್ನು ನೋಡಿ ನಗಲು ಶುರುಮಾಡಿದವನು ಪಿಕಪ್ ಹತ್ತಿ ಹೋಗುವವರೆಗೂ ನಗುತ್ತಲೇ ಇದ್ದ. ಹಣ್ಣು ಮುಟ್ಟಲಿಲ್ಲ.

ಶುಕ್ರವಾರ ಹತ್ತಕ್ಕೆ ಆರ್ವಿಲ್ ಕಚೇರಿಯ ಗಂಟೆ ಬಾರಿಸಿ ತಪಾಸಣೆಗೆ ಹೊರಟ. ಮೂವತ್ತೆರಡೂ ಪಾಸು, ಅವನದೂ ಪಾಸು. ಆದರೆ ಅಂದು ಮೊದಲ ಸಲ ಅವನು ಬಗ್ಗಿ ನೋಡಿದ. ಒಂದಾದ ಮೇಲೊಂದು ಟ್ರೇಲರಿನಡಿ, ನೆಲದ ಮೇಲೆ ಬೇಸನ್ನಿನ ಅಗಲದ ದುಂಡನೆಯ ಗುರುತು. ಅದೇನಿರಬಹುದೆಂದು ಹೊಳೆಯದೆ ಮನೆಗೆ ಬಂದ.

"ಪಾಸಾದ್ಯಾ?" ಕೇಳಿದಳು ಮಾರ್ಲಿಸ್.

"ಪಾಸು."

"ಸಂತೋಷ." ಅವಳು ಇಸ್ಪೀಟು ಕಲೆಸುತ್ತ ತಲೆಯೆತ್ತಲಿಲ್ಲ. "ಮೂವತ್ತೆಂಟು ವರ್ಷದಿಂದ ನಿನ್ನ ನಿಯಮಗಳ ಜತೆ ಸಂಸಾರ ಮಾಡ್ತಿದೀನಿ, ಆರ್ವಿಲ್. ಅದ್ರಲ್ಲಿ ಒಂದಾದ್ರೂ ನಿಂಗೆ ಅನ್ವಯ ಆಗೋದನ್ನ ನೋಡಿ ಸಾಯ್ಬೇಕು ಅಂತ ಆಸೆ."

"ಹೇಳಿದ್ರೆ ಜಾಗ ಹೋಗುತ್ತೆ. ನಿನ್ನ ಗೆಳತಿಯರು, ಇಸ್ಪೀಟು..."

"ಇಸ್ಪೀಟು ಎಲ್ಲಿ ಬೇಕಾದ್ರೂ ಆಡ್ಬೋದು. ಆ ಮನುಷ್ಯ ನಕ್ಕಿದ್ದು ಮಾತ್ರ ನನ್ನ ಕಿವಿಯಿಂದ ಹೋಗ್ತಿಲ್ಲ."

ಅವನ ಕಿವಿಯಿಂದಲೂ ಹೋಗಿರಲಿಲ್ಲ. ಬಯಲಿನಲ್ಲಿ ಒಬ್ಬಂಟಿ ಮುದುಕ ಒಂದು ವರ್ಷ ಡಬ್ಬಿಯಲ್ಲಿ ನೀರು ಹೊತ್ತದ್ದು ತನ್ನ ಟ್ಯಾಂಕಿನ ಬಿರುಕಿಗಾಗಿ ಎಂಬುದು ಆರ್ವಿಲ್‌ನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಶನಿವಾರ ಸಭಾಭವನದಲ್ಲಿ ಎಲ್ಲರೂ ಪ್ಯಾನ್‌ಕೇಕಿನ ಮೇಲೆ ಚಕ್ಕೋತದ ಜಾಮ್ ಬಳಿದುಕೊಳ್ಳುತ್ತಿದ್ದಾಗ ಆರ್ವಿಲ್ ಎದ್ದು ನಿಂತು ಉಗುಳಿಯೇಬಿಟ್ಟ. ಬಿರುಕು, ಹಾಳೆ, ನೀಲಿ, ವೆಂಡೆಲ್‌ನ ಖಾಲಿ ಟ್ಯಾಂಕು, ಒಂದನ್ನೂ ಬಿಡಲಿಲ್ಲ. "ತಪ್ಪು ನಂದು. ನಿರಪರಾಧೀನ ಓಡಿಸ್ದೆ," ಎಂದ.

ಯಾರಾದರೂ ಅಯ್ಯೋ ಎನ್ನಬಹುದೆಂದು ಅವನು ಕಾದ. ಕಾರ್ಯದರ್ಶಿನಿ ಬೆವ್ ಹಾಲ್ವರ್ಸನ್ ಪ್ಯಾನ್‌ಕೇಕು ಅಗಿಯುತ್ತಲೇ ಅಂದಳು, "ಇಷ್ಟೇನಾ? ಮಾರಾಯ, ಯಾರ ಟ್ಯಾಂಕ್ ಸೋರಲ್ಲ ಹೇಳು? ಒಂದು ಬೇಸನ್ ಇಟ್ಕೊಳ್ಳೋದಲ್ವಾ ಎಲ್ಲರ ಹಾಗೆ?"

"ಎಲ್ಲರ ಹಾಗೆ?"

"ಹ್ಞೂಂ. ನೀನು ಗಂಟೆ ಬಾರಿಸ್ತೀಯಲ್ಲ, ಆಗ ಎತ್ತಿ ಒಳಗಿಡ್ತೀವಿ. ಅದಕ್ಕೇ ಅಲ್ವಾ ಗಂಟೆ?"

ಭವನದಲ್ಲಿ ಕಿಸಕ್ಕನೆ ನಗು ಎದ್ದಿತು. ಆರ್ವಿಲ್‌ಗೂ ಒಂದು ಕ್ಷಣ, ಬದುಕಿದೆ ಎನಿಸಿತು. ಅಷ್ಟರಲ್ಲಿ ಹಿಂದಿನ ಮೇಜಿನ ಮುದುಕನೊಬ್ಬ ಚಮಚವನ್ನು ಗಾಳಿಯಲ್ಲೇ ನಿಲ್ಲಿಸಿ ಕೇಳಿದ, "ತಡಿ, ತಡಿ. ಅದು ತೊಟ್ಟಿಕ್ತಿದ್ದದ್ದು ಯಾವ ಗಿಡದ ಬುಡಕ್ಕೆ ಅಂದೆ?"

ನಗು ನಿಂತಿತು. ಅರವತ್ತು ಜನ ತಮ್ಮ ತಮ್ಮ ತಟ್ಟೆಯನ್ನು ನೋಡಿಕೊಂಡರು. ಜಾಮಿನ ಬಾಟಲಿಯ ಮೇಲೆ ಮಾರ್ಲಿಸ್ ಮುದ್ದಾದ ಅಕ್ಷರದಲ್ಲಿ 'ನಮ್ಮ ತೋಟದ್ದು' ಎಂದು ಬರೆದಿದ್ದಳು.

ಬೆವ್ ಬಾಯೊರೆಸಿಕೊಂಡು ಎದ್ದಳು. ಅವಳ ದನಿಯಲ್ಲಿ ಈಗ ನಗುವಿರಲಿಲ್ಲ. "ಅಧ್ಯಕ್ಷರೇ, ಹನ್ನೊಂದನೇ ನಿಯಮ ಓದಿ."

"ಬೆವ್, ಎಲ್ಲರದೂ ಸೋರುತ್ತೆ ಅಂತ ಈಗ ತಾನೇ ನೀನೇ..."

"ಅದು ನಾಷ್ಟಾದ ಮಾತು. ಇದು ಸಭೆ. ಓದಿ."

ಆರ್ವಿಲ್ ಓದಿದ. ಕೊನೆಯ ಎರಡು ಪದಗಳನ್ನು ಅವನು ಓದಬೇಕಾಗಲಿಲ್ಲ. "ವಿನಾಯಿತಿ ಇಲ್ಲ!" ಎಂದು ಬೇಸನ್ನಿನವರೆಲ್ಲ ಒಂದೇ ದನಿಯಲ್ಲಿ ಹೇಳಿದರು. ಕೈಗಳು ಎದ್ದವು. ನಿರ್ಣಯಕ್ಕೆ ಒಂದೂ ವಿರೋಧವಿರಲಿಲ್ಲ, ಮಾರ್ಲಿಸ್ ಕೂಡ ಕೈಯೆತ್ತಿದ್ದಳು. ವೆಂಡೆಲ್‌ನ ಹೆಸರಿನ ಕಳಂಕ ತೊಳೆಯಬೇಕು, ಅವನ ಜಾಗ ಮರಳಿ ಕೊಡಬೇಕು ಎಂದು ಆರ್ವಿಲ್ ಕೈಮುಗಿದು ಕೇಳಿಕೊಂಡ. ಅದನ್ನು ಮುಂದಿನ ತಿಂಗಳ ಸಭೆಗೆ ಮುಂದೂಡಲಾಯಿತು, ಹನ್ನೊಂದು ಗಂಟೆಗೆ ಬಿಂಗೋ ಆಟವಿತ್ತು.

ಭಾನುವಾರ ಬೆಳಿಗ್ಗೆ ಟ್ರೇಲರನ್ನು ಪಿಕಪ್ಪಿಗೆ ಕಟ್ಟಿದ ಮೇಲೆ ಆರ್ವಿಲ್ ಒಂದು ಬಕೆಟ್ ಹಿಡಿದು ಶುಚಿತ್ವ ವನಕ್ಕೆ ಹೋದ. ಹಾಡಹಗಲೇ, ಎಲ್ಲರ ಕಿಟಕಿಯೆದುರು, ಅರ್ಜಿ ಗಿರ್ಜಿ ಏನೂ ಇಲ್ಲದೆ ಬಕೆಟ್ ತುಂಬ ಚಕ್ಕೋತ ಕಿತ್ತ. ಅಧ್ಯಕ್ಷನ ಬಿಲ್ಲೆಯನ್ನೂ ಪೆನ್ನನ್ನೂ ಬೆಂಚಿನ ಮೇಲಿಟ್ಟ. ಬಿಲ್ಲೆಯ ನೀಲಿ ಎಷ್ಟು ಉಜ್ಜಿದರೂ ಹೋಗಿರಲಿಲ್ಲ.

ಹೆದ್ದಾರಿಯಾಚೆಯ ಬಯಲಿನಲ್ಲಿ ವೆಂಡೆಲ್ ಮಡಚುವ ಕುರ್ಚಿಯಲ್ಲಿ ಕೂತು ಒಂದು ವಾಲ್ವು ಬಿಚ್ಚುತ್ತಿದ್ದ. ಪಕ್ಕದಲ್ಲಿ ಬಂದು ನಿಂತ ಟ್ರೇಲರನ್ನು, ಇಳಿದು ಬಂದ ಇಬ್ಬರನ್ನು, ಬಕೆಟ್ಟನ್ನು ಒಂದೊಂದಾಗಿ ನೋಡಿದ.

"ಅರ್ಜಿ ಮಂಜೂರಾಯ್ತಾ?" ಎಂದ.

"ತಪ್ಪಾಯ್ತು ವೆಂಡೆಲ್," ಎಂದ ಆರ್ವಿಲ್. ಸಭೆಯಲ್ಲಿ ಅಷ್ಟು ಹೊತ್ತು ಮಾತಾಡಿದವನಿಗೆ ಇಲ್ಲಿ ಅಷ್ಟೇ ಬಂತು.

ವೆಂಡೆಲ್ ಬಕೆಟ್ಟಿನಿಂದ ಒಂದು ಹಣ್ಣು ತೆಗೆದು ಅಂಗಿಗೆ ಉಜ್ಜಿ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ. ಆಮೇಲೆ ಚೂರಿಯಿಂದ ಎರಡು ಹೋಳು ಮಾಡಿ ಒಂದನ್ನು ಆರ್ವಿಲ್‌ಗೆ ಚಾಚಿದ. ಆರ್ವಿಲ್ ತೆಗೆದುಕೊಂಡ, ಬಾಯಿಗಿಡಲಿಲ್ಲ. ಆ ಗಿಡ ಎರಡು ಚಳಿಗಾಲ ಏನು ಕುಡಿದು ಬೆಳೆದಿದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ತಿನ್ನು," ಎಂದ ವೆಂಡೆಲ್. "ನೆಟ್ಟಿದ್ದು ಓಪಲ್. ಬೆಳೆಸಿದ್ದು ನೀನೇ."

ಮಾರ್ಲಿಸ್ ನೋಡುತ್ತ ನಿಂತಿದ್ದಳು. ಆರ್ವಿಲ್ ಕಣ್ಣು ಮುಚ್ಚಿ ಕಚ್ಚಿದ. ರಸ ಗಡ್ಡಕ್ಕೆ ಇಳಿಯಿತು. ಸಿಹಿಯಾಗಿತ್ತು ಹಾಳಾದದ್ದು, ಅವನು ಹುಟ್ಟಿದಾಗಿನಿಂದ ತಿಂದ ಯಾವ ಹಣ್ಣಿಗಿಂತಲೂ ಸಿಹಿಯಾಗಿತ್ತು.

"ಹೇಗಿದೆ?"

ಆರ್ವಿಲ್‌ನ ಕೈ ಅಭ್ಯಾಸಬಲದಿಂದ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ಪೆನ್ನಿರಲಿಲ್ಲ.

"ಆಕ್ಷೇಪಣೆ ಇಲ್ಲ," ಎಂದ, ಇನ್ನೊಂದು ಹೋಳಿಗೆ ಕೈ ಚಾಚುತ್ತ.